ದೇವೀರಿ ಬಿಚ್ಚಿದ ಹೊಲಿಗೆ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಒಂದಾನೊಂದು ರಾಜ್ಯದ ಹುಣಸೇಪುರ ಎಂಬ ಹಳ್ಳಿಯಲ್ಲಿ ದೇವೀರಿ ಎಂಬ ಹೆಣ್ಣುಮಗಳಿದ್ದಳು. ಅವಳು ಪುಸ್ತಕ ಮಾಡುವವಳು. ಪುಂಡಿನಾರು ಕುಟ್ಟಿ ತಾನೇ ಹಾಳೆ ಮಾಡುವಳು, ಅರಿಸಿನ, ಕಾಡಿಗೆ, ಕೆಮ್ಮಣ್ಣು ಕಲಸಿ ಚಿತ್ರ ಬರೆಯುವಳು, ನೂಲು ಹಾಕಿ ಹೊಲಿಯುವಳು. ಒಂದು ಮಾಡಿದ ಮೇಲೆ ಅಂಥದ್ದೇ ಇನ್ನೊಂದನ್ನು ಎಂದೂ ಮಾಡುತ್ತಿರಲಿಲ್ಲ.

ಒಮ್ಮೆ ಅವಳು ತನ್ನ ಊರನ್ನೇ ಪುಸ್ತಕ ಮಾಡಿದಳು. ಕೆರೆಯಲ್ಲಿ ಮೈ ಚೆಲ್ಲಿದ ಎಮ್ಮೆಗಳು, ರಾಗಿ ಬೀಸುತ್ತ ಹಾಡುವ ಹೆಂಗಸರು, ಕಣದಲ್ಲಿ ಹೊರಳಾಡುವ ಮಕ್ಕಳು, ಎಲ್ಲವೂ ಅದರಲ್ಲಿದ್ದವು. ಅರಮನೆಯ ಮಾಂತ್ರಿಕ ಮಾಯಾಕೇತ ಬಂದು, "ರಾಜರು ನೋಡಬೇಕಂತೆ. ಹುಣ್ಣಿಮೆಗೆ ತಂದುಕೊಡುತ್ತೇನೆ" ಎಂದು ಅದನ್ನು ಒಯ್ದ. ಹುಣ್ಣಿಮೆ ಬಂತು, ಹೋಯಿತು. ಪುಸ್ತಕ ಬರಲಿಲ್ಲ.

ಊರು ಮಾತ್ರ ಸೊರಗತೊಡಗಿತು. ಎಮ್ಮೆಗಳ ಕಪ್ಪು ಮಾಸಿ ಬೂದಿಯಾಯಿತು, ಕೆಚ್ಚಲು ಬತ್ತಿತು. ಬೀಸುಕಲ್ಲಿನ ಮುಂದೆ ಕೂತವರಿಗೆ ಹಾಡು ಬಾಯಿಗೆ ಬರಲಿಲ್ಲ. ಒಂದು ಸಂಜೆ ತಾಯಂದಿರು ಮಕ್ಕಳನ್ನು ಊಟಕ್ಕೆ ಕೂಗಹೋದರೆ ಹೆಸರೇ ನೆನಪಾಗಲಿಲ್ಲ.

ಆಗ ರಾಜಧಾನಿಯಿಂದ ಬಂದ ಬಳೆಗಾರ ಶಂಭಯ್ಯ ಹೇಳಿದ: "ತಾಯಿ, ನಿನ್ನ ಪುಸ್ತಕ ಅಲ್ಲಿ ಸಾಹುಕಾರರ ಮನೆಮನೆಯಲ್ಲೂ ಇದೆ. ಮಾಯಾಕೇತ ಅದನ್ನು ಮಾಯಗನ್ನಡಿಗೆ ಹಿಡಿದು, ಒಂದರ ಹಿಂದೆ ಒಂದು ನಕಲು ತೆಗೆಯುತ್ತಿದ್ದಾನೆ. ತೆರೆದರೆ ಎಮ್ಮೆ ಉಸಿರಾಡುತ್ತೆ, ಹೆಂಗಸರು ಹಾಡ್ತಾರೆ."

ಒಂದೊಂದು ನಕಲಿಗೂ ಊರಿನ ಜೀವ ಗುಟುಕು ಗುಟುಕಾಗಿ ಹೋಗುತ್ತಿದೆಯೆಂದು ದೇವೀರಿಗೆ ತಿಳಿಯಿತು. ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಸೆರಗು ಬಿಗಿದು ಹೊರಟಳು.

ರಾಜಧಾನಿಯಲ್ಲಿ ಮಾಂತ್ರಿಕನ ಕೋಟೆಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಚಿನ್ನದ ನವಿಲು ಕುಣಿಯುತ್ತ ಕರೆಯಿತು.

"ದೇವೀರಮ್ಮ, ನಾಡೆಲ್ಲ ನಿನ್ನ ಹೆಸರೇ. ಸಿಟ್ಟು ಬಿಟ್ಟು ಒಳಗೆ ಬಾ, ಸನ್ಮಾನವಿದೆ."

"ಮಕ್ಕಳ ಹೆಸರು ಹೋದ ಮೇಲೆ ನನ್ನ ಹೆಸರು ಯಾರಿಗೆ ಬೇಕು? ಸಿಟ್ಟು ಬಿಡಲ್ಲ, ದಾರಿ ಬಿಡು."

ನವಿಲು ಗರಿಗರಿಯಾಗಿ ಉದುರಿತು.

ಎರಡನೆಯ ಬಾಗಿಲಲ್ಲಿ ಬೆಂಕಿಯುಗುಳುವ ಹುಲಿ. "ಸಿಟ್ಟು ಬಿಟ್ಟು ಹಿಂದಿರುಗು. ಇಲ್ಲವಾದರೆ ಸುಟ್ಟುಬಿಡುತ್ತೇನೆ."

"ಸುಡು. ನಾನು ಊರಿಂದಲೇ ಉರಿಯುತ್ತ ಬಂದಿದ್ದೇನೆ."

ಅವಳು ಬೆಂಕಿಯೊಳಗೇ ನಡೆದಳು. ಬೆಂಕಿ ಆರಿತು, ಹುಲಿ ಬಾಲ ಮಡಚಿ ಬದಿಗೆ ಸರಿಯಿತು.

ಮೂರನೆಯ ಬಾಗಿಲಲ್ಲಿ ಒಂದು ಬಿಳಿ ಹಸು ಮಲಗಿತ್ತು. ಅದು ಅವಳ ಕೈ ನೆಕ್ಕಿ, ತೀರಿಹೋದ ಅವಳ ಅವ್ವನ ದನಿಯಲ್ಲಿ ಮಾತಾಡಿತು. "ಮಗಳೇ, ದಣಿದಿದ್ದೀಯ. ದೊಡ್ಡವರ ಜೊತೆ ಜಗಳ ನಮಗ್ಯಾಕೆ? ಹೋಗಲಿ ಬಿಡು."

ದೇವೀರಿ ಹಸುವಿನ ಕೊರಳು ತಬ್ಬಿ ಅತ್ತಳು. ಅಳುತ್ತಲೇ ತಲೆಯೆತ್ತಿದಳು.

"ನನ್ನವ್ವ ಎಂದೂ ಹೋಗಲಿ ಬಿಡು ಅಂದವಳಲ್ಲ. ಹೊಲಕ್ಕೆ ನುಗ್ಗಿದ ಪಾಳೇಗಾರನ ಕುದುರೆಯನ್ನು ಒನಕೆ ಹಿಡಿದು ಅಟ್ಟಿದವಳು. ನೀನು ಅವಳಲ್ಲ."

ಹಸು ಹೊಗೆಯಾಯಿತು.

ಒಳಗೆ ಮಾಯಾಕೇತ ಪುಸ್ತಕವನ್ನು ಕನ್ನಡಿಗೆ ಹಿಡಿದು ಕೂತಿದ್ದ. ಅವಳನ್ನು ಕಂಡು ನಕ್ಕ. "ಬಾ. ಹೊಲಿದ ಕೈಯೇ ಬಿಚ್ಚಿದರೆ ಮಾತ್ರ ಈ ಮಾಯೆ ಮುರಿಯುತ್ತದೆ. ಬಿಚ್ಚುತ್ತೀಯಾ? ಇಂಥದ್ದು ನಿನಗೆ ಇನ್ನೊಮ್ಮೆ ಆಗುವುದಿಲ್ಲ." ತಾನು ಮಾಡಿದ್ದನ್ನು ತಾನೇ ಹಾಳುಮಾಡಲು ಯಾರಿಗೂ ಕೈ ಬಾರದೆಂಬ ಧೈರ್ಯ ಅವನಿಗೆ.

ದೇವೀರಿ ಪುಸ್ತಕ ಕಿತ್ತುಕೊಂಡಳು. ಒಮ್ಮೆ ಎದೆಗೊತ್ತಿ ಹಿಡಿದಳು. ಹಲ್ಲಿನಿಂದ ನೂಲು ಕಡಿದಳು. ಒಂದು ಹಾಳೆ ಹರಿದಳು, ಊರಿನ ಎಮ್ಮೆಗಳು ಕಪ್ಪಾದವು. ಇನ್ನೊಂದು ಹರಿದಳು, ಬೀಸುಕಲ್ಲಿನ ಹಾಡು ಮರಳಿತು. ಕೊನೆಯದನ್ನು ಹರಿದಾಗ ತಾಯಂದಿರು ಮಕ್ಕಳನ್ನು ಹೆಸರು ಹಿಡಿದು ಕೂಗಿದರು. ಊರಿನ ಜೀವ ಕುಡಿದು ಕೊಬ್ಬಿದ್ದ ಮಾಯಾಕೇತ ಒಣಗಿ ಹೊಟ್ಟಾಗಿ ಗಾಳಿಗೆ ಹಾರಿಹೋದ. ಕನ್ನಡಿ ಮರಳಾಯಿತು. ರಾಜಧಾನಿಯ ನಕಲುಗಳೆಲ್ಲ ಬರೀ ಹಾಳೆಗಳಾದವು.

ರಾಜ ಓಡಿಬಂದು, "ನನಗೆ ಗೊತ್ತಿರಲಿಲ್ಲ ತಾಯಿ" ಎಂದ.

"ಗೊತ್ತುಮಾಡಿಕೊಳ್ಳಬೇಕಿತ್ತು ಸ್ವಾಮಿ" ಎಂದು ದೇವೀರಿ ಅವನು ತರಿಸಿದ ಪಲ್ಲಕ್ಕಿಯನ್ನೂ ಹತ್ತದೆ ನಡೆದೇ ಊರಿಗೆ ಬಂದಳು.

ಅಂದಿನಿಂದ ಹುಣಸೇಪುರದವರು ಹೊಟ್ಟೆತುಂಬ ಉಂಡು, ಬಾಯಿತುಂಬ ಹಾಡಿ, ಬಹುಕಾಲ ಸುಖವಾಗಿ ಬಾಳಿದರು. ದೇವೀರಿ ಮತ್ತೆ ಪುಸ್ತಕಗಳನ್ನು ಮಾಡಿದಳು, ಬೇರೆಬೇರೆಯವನ್ನು. ಅರಮನೆಯವರು ಯಾರಾದರೂ ಬಂದರೆ ಕುಡಿಯಲು ಮಜ್ಜಿಗೆ ಕೊಡುತ್ತಿದ್ದಳು. ಪುಸ್ತಕ ಕೊಡುತ್ತಿರಲಿಲ್ಲ.