ಅಂಟಿನ ಮೇಲೆ ಕೆಂಪು ಧೂಳು

“ಅಷ್ಟೊಂದು ಮೇಣ ಮೆತ್ತಬೇಡ ಟೆಗ್. ಪೆನ್ನಿನ ತುದೀಲಿ ಒಂದು ಚೂರಿದ್ರೆ ಸಾಕು. ಜಾಸ್ತಿಯಾದ್ರೆ ಹರಳು ಪೆನ್ನಿಗೇ ಅಂಟ್ಕೊಂಡುಬಿಡುತ್ತೆ, ಚಿತ್ರಕ್ಕೆ ಇಳಿಯೋದೇ ಇಲ್ಲ.”

ಟೆಗನ್ ಪೆನ್ನಿನ ತುದಿಯನ್ನು ಟಿಶ್ಯೂಗೆ ಒರೆಸಿದಳು. ಅಮ್ಮ ಒಂದೇ ಸಲಕ್ಕೆ ಇಷ್ಟು ಮಾತಾಡಿ ಎಷ್ಟೋ ದಿನಗಳಾಗಿದ್ದವು. ಇನ್ನೊಂದು ತಪ್ಪು ಮಾಡಿದರೆ ಅಮ್ಮ ಇನ್ನಷ್ಟು ಮಾತಾಡಬಹುದು ಅನ್ನಿಸಿ, ಹರಳಿನ ತಟ್ಟೆಯನ್ನು ಬೇಕೆಂದೇ ಜೋರಾಗಿ ಕುಲುಕಿದಳು. ನಾಲ್ಕಾರು ನೀಲಿ ಹರಳು ಮೇಜಿನ ಮೇಲೆ ಹಾರಿದವು.

“ಏಯ್, ಮೆತ್ತಗೆ! ಸ್ವಲ್ಪ ಸ್ವಲ್ಪ ಅಲ್ಲಾಡಿಸು. ಆಗ ಎಲ್ಲಾ ಮುಖ ಮೇಲೆ ಮಾಡ್ಕೊಂಡು ಸಾಲಾಗಿ ನಿಲ್ತವೆ. ನೋಡು, ಹೀಗೆ.”

ಅಮ್ಮ ತಟ್ಟೆ ಅಲ್ಲಾಡಿಸಿದಳು. ಹರಳುಗಳು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಸಾಲಾಗಿ ನಿಂತವು. ಮಧ್ಯಾಹ್ನ ಕಳೆದು ಸಂಜೆಯಾಗುತ್ತಿದ್ದರೂ ಅಮ್ಮ ಇನ್ನೂ ರಾತ್ರಿಯ ಬಟ್ಟೆಯಲ್ಲೇ ಇದ್ದಳು. ಕೂದಲು ಬಾಚಿರಲಿಲ್ಲ. ಆದರೆ ಹಾಸಿಗೆ ಬಿಟ್ಟು ಎದ್ದು ಬಂದಿದ್ದಳು. ಟೆಗನ್‌ಗೆ ಅಷ್ಟೇ ಸಾಕಿತ್ತು.

ಆ ಡೈಮಂಡ್ ಪೇಂಟಿಂಗನ್ನು ತಂದುಕೊಟ್ಟವಳು ಅಜ್ಜಿ, ಅಂದರೆ ಅಪ್ಪನ ಅಮ್ಮ. ಅಡಿಲೇಡ್ ಬೀಚಿನಲ್ಲಿ ತೆಗೆದ ಅಮ್ಮನ ಫೋಟೋವನ್ನು ಅಂಗಡಿಯವರಿಗೆ ಕಳಿಸಿ, ಅದೇ ಚಿತ್ರ ಬರುವ ಹಾಗೆ ಮಾಡಿಸಿದ್ದಳು. ದೊಡ್ಡ ಬಟ್ಟೆ, ಅದರ ತುಂಬ ಅಂಟು, ಅಂಟಿನ ಕೆಳಗೆ ಸಾಸಿವೆಯಷ್ಟು ಚಿಕ್ಕ ಚಿಕ್ಕ ಗುರುತುಗಳು, ಎಲ್ಲದರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ. ಯಾವ ಗುರುತಿಗೆ ಯಾವ ಬಣ್ಣದ ಹರಳು ಎಂದು ನೋಡಿಕೊಂಡು ಒಂದೊಂದನ್ನೇ ಕೂರಿಸುತ್ತ ಹೋಗಬೇಕು. ಫೋಟೋದಲ್ಲಿ ಗಾಳಿಗೆ ಟೋಪಿ ಹಾರುತ್ತಿತ್ತು, ಅಮ್ಮ ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಳು.

ಮರಳು ಮುಗಿದಿತ್ತು. ಸಮುದ್ರ ಮುಕ್ಕಾಲು ಮುಗಿದಿತ್ತು. ಆಕಾಶ, ಟೋಪಿ, ನಗುವ ಮುಖ ಇನ್ನೂ ಹಾಳೆಯ ಅಡಿಯಲ್ಲೇ ಇದ್ದವು.

“ಮುಖ ಯಾವಾಗಮ್ಮ ಮಾಡೋದು? ಹಾಳೆ ಪೂರ್ತಿ ತೆಗೆದುಬಿಡೋಣ್ವಾ?”

“ಪೂರ್ತಿ ಮಾತ್ರ ಯಾವತ್ತೂ ತೆಗೀಬಾರದು. ಅಂಗೈಯಷ್ಟು ತೆರಿ, ಅದನ್ನ ತುಂಬು, ಆಮೇಲೆ ಇನ್ನೊಂದು ಅಂಗೈಯಷ್ಟು. ನಮ್ಮೂರಲ್ಲಿ ಗಾಳಿಗಿಂತ ಮಣ್ಣೇ ಜಾಸ್ತಿ. ಅಂಟು ಒಂದ್ಸಲ ಮಣ್ಣು ತಿಂದ್ರೆ ಮುಗೀತು.”

ಮರುಭೂಮಿಯಂಚಿನ ಗಣಿಯೂರಾದ ನಮ್ಮ ಬ್ರೋಕನ್ ಹಿಲ್ ಬಗ್ಗೆ ಇದಕ್ಕಿಂತ ನಿಜವಾದ ಮಾತನ್ನು ಯಾರೂ ಹೇಳಿರಲಾರರು.

ಟೆಗನ್ ಒಂದು ನೀಲಿ ಹರಳನ್ನು ಕೂರಿಸಿ, ತಲೆಯೆತ್ತದೆ ಕೇಳಿದಳು: “ಅಮ್ಮಾ, ಮುಂದಿನ ಶುಕ್ರವಾರ ಸ್ಕೂಲಲ್ಲಿ ಸ್ವಿಮ್ಮಿಂಗ್ ಕಾರ್ನಿವಲ್. ನಾನು ಬ್ಯಾಕ್‌ಸ್ಟ್ರೋಕ್ ರೇಸ್‌ನಲ್ಲಿದೀನಿ. ಬರ್ತೀಯಾ?”

ಅಮ್ಮನ ಪೆನ್ನು ನಿಂತಿತು. ಟೆಗನ್‌ಗೆ ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್ ಕಲಿಸಿದವಳು ಅಮ್ಮನೇ. ಹೋದ ವರ್ಷ ಕೊಳದ ಪಕ್ಕದಲ್ಲಿ ಓಡುತ್ತ “ಹೊಟ್ಟೆ ಮೇಲೆ! ಹೊಟ್ಟೆ ಮೇಲೆ!” ಎಂದು ಅವಳು ಕೂಗಿದ್ದನ್ನು ಇಡೀ ಸ್ಕೂಲು ಕೇಳಿತ್ತು.

“ಇದು ಮುಗೀಲಿ ಟೆಗ್,” ಎಂದಳು ಅಮ್ಮ. “ಇದು ಮುಗೀಲಿ, ಆಮೇಲೆ ನೋಡೋಣ.”

ಆಮೇಲೆ ಎದ್ದು ಹೋಗಿ ಮಲಗಿಬಿಟ್ಟಳು.

ಚಳಿಗಾಲದಿಂದಲೂ ಹೀಗೇ. ಮೊದಲು ಅಮ್ಮ ಕೆಲಸಕ್ಕೆ ಹೋಗುವುದನ್ನು ಬಿಟ್ಟಳು, ಆಮೇಲೆ ಅಂಗಡಿಗೆ ಹೋಗುವುದನ್ನು, ಆಮೇಲೆ ಊಟದ ಮೇಜಿಗೆ ಬರುವುದನ್ನು. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಏನಾಗಿದೆ ಎಂದು ಟೆಗನ್ ಕೇಳಿದರೆ ಅಪ್ಪ “ಅಮ್ಮಂಗೆ ಸುಸ್ತು” ಅನ್ನುತ್ತಿದ್ದ. ಅಜ್ಜಿಯೂ “ಸುಸ್ತು ಪುಟ್ಟಿ” ಅನ್ನುತ್ತಿದ್ದಳು. ದೊಡ್ಡವರು ಹೀಗೆಯೇ. ಮಕ್ಕಳು ನೇರವಾಗಿ ಕೇಳಿದರೆ ಒಂದು ಸಣ್ಣ ಮಾತು ಹುಡುಕಿ ಬಾಯಿ ಮುಚ್ಚಿಸಿಬಿಡುತ್ತಾರೆ. ಸುಸ್ತಾದವರು ಮಲಗಿ ಎದ್ದರೆ ಸರಿಹೋಗಬೇಕಲ್ಲ? ಅಮ್ಮ ಮಲಗಿದಷ್ಟೂ ಸುಸ್ತಾಗುತ್ತಿದ್ದಳು.

ಈಗ ಟೆಗನ್‌ಗೆ ಒಂದು ದಾರಿ ಸಿಕ್ಕಿತ್ತು. ಚಿತ್ರ ಮುಗಿಯಬೇಕು. ಮುಗಿದರೆ ಅಮ್ಮ ಬರುತ್ತಾಳೆ.

ಮರುದಿನ ಊಟದ ಬಿಡುವಿನಲ್ಲಿ ಕೋಬಿ ಅವಳ ಪಕ್ಕದಲ್ಲಿ ಬಂದು ಕೂತ. ಅವನು ಅವಳ ಬೀದಿಯವನೇ, ಒಂದೇ ಕ್ಲಾಸು. ಬಾಯಿ ತುಂಬ ಸ್ಯಾಂಡ್‌ವಿಚ್ ಇಟ್ಟುಕೊಂಡೇ ಮಾತಾಡುತ್ತಾನೆ.

“ನಿಮ್ಮಮ್ಮ ಕಾರ್ನಿವಲ್‌ಗೆ ಬರ್ತಾರಾ? ಇಲ್ಲಾ ಇನ್ನೂ ಕೊವಾಲಾ ಕರಡಿ ಥರ ನಿದ್ದೇನಾ?”

“ನೀನು ಬಾಯಿ ಮುಚ್ಕೊಂಡು ತಿನ್ನು. ಬ್ರೆಡ್ಡೆಲ್ಲ ನನ್ ಮೇಲೇ ಬೀಳ್ತಿದೆ.”

“ಸುಮ್ನೆ ಕೇಳ್ದೆ ಕಣೇ. ಹೋದ್ಸಲ ಮಜಾ ಇತ್ತಲ್ಲ, ಹೊಟ್ಟೆ ಮೇಲೆ, ಹೊಟ್ಟೆ ಮೇಲೆ!”

“ಬರ್ತಾರೆ,” ಎಂದಳು ಟೆಗನ್. “ಖಂಡಿತ ಬರ್ತಾರೆ. ಬೇಕಾದ್ರೆ ಬೆಟ್ ಕಟ್ಟು.”

ಆ ಸಂಜೆ ಅವಳು ಮನೆಗೆ ಬಂದಾಗ ಅಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಅಪ್ಪ ಗಣಿಯಲ್ಲಿ ನೆಲದಡಿ ಕೆಲಸದಲ್ಲಿದ್ದ. ಅಜ್ಜಿ ಅಡುಗೆ ತೆಗೆದುಕೊಂಡು ಬರಲು ಇನ್ನೂ ಹೊತ್ತಿತ್ತು. ಮನೆಯೊಳಗೆ ಕಾದ ಹಂಚಿನ ಬಿಸಿ. ಟೆಗನ್ ಕೂಲರ್ ಹಾಕಿ, ಕೈ ತೊಳೆದುಕೊಂಡು ಮೇಜಿನ ಮುಂದೆ ಕೂತಳು.

ಅಂಗೈಯಷ್ಟು ತೆರೆದು ತುಂಬುತ್ತಿದ್ದರೆ ಶುಕ್ರವಾರದೊಳಗೆ ಮುಗಿಯುವ ಮಾತೇ ಇರಲಿಲ್ಲ. ಅವಳು ಹಾಳೆಯ ಮೂಲೆ ಹಿಡಿದು ಎಳೆದಳು. ಹಾಳೆ ಪರ್ ಎಂದು ಪೂರ್ತಿ ಕಿತ್ತು ಬಂತು. ಉಳಿದ ಸಮುದ್ರ, ಆಕಾಶ, ಹಾರುವ ಟೋಪಿ, ಅಮ್ಮನ ಮುಖ, ಎಲ್ಲ ಒಟ್ಟಿಗೆ ಹೊಳೆಯಿತು.

ಒಂದೇ ಸಲಕ್ಕೆ ಹಲವು ಹರಳು ಎತ್ತುವ ಅಗಲ ತುದಿಯೊಂದು ಡಬ್ಬಿಯಲ್ಲಿತ್ತು. ಅದರಲ್ಲಿ ಮಾಡಿದರೆ ಸಾಲು ಸೊಟ್ಟಗಾಗುತ್ತದೆ ಎಂದು ಅಮ್ಮ ಅದನ್ನು ಮುಟ್ಟುತ್ತಿರಲಿಲ್ಲ. ಟೆಗನ್ ಅದನ್ನೇ ಪೆನ್ನಿಗೆ ಸಿಕ್ಕಿಸಿದಳು. ಕೆನ್ನೆಯಿಂದ ಶುರು ಮಾಡಿದಳು. ಹತ್ತಿರದಿಂದ ನೋಡಿದರೆ ಅಲ್ಲಿ ಮುಖವೇ ಇರಲಿಲ್ಲ. ಕಂದು, ಬೂದು, ಗುಲಾಬಿ ಚೌಕಗಳಷ್ಟೇ ಇದ್ದವು. ಸಾಲು ಸೊಟ್ಟಗಾಯಿತು. ಆದರೂ ಬಿಡಲಿಲ್ಲ.

ಗುರುತುಗಳು ಸರಿಯಾಗಿ ಕಾಣದಾದಾಗಲೇ ಅವಳು ತಲೆಯೆತ್ತಿದ್ದು. ಕಿಟಕಿಯಾಚೆ ಬೆಳಕು ಕಿತ್ತಳೆಯಾಗಿತ್ತು. ಬೀದಿಯ ಕೊನೆಯಲ್ಲಿ ಆಕಾಶದೆತ್ತರಕ್ಕೆ ಕೆಂಪು ಗೋಡೆಯೊಂದು ನಡೆದು ಬರುತ್ತಿತ್ತು.

ಟೆಗನ್ ಓಡಿದಳು. ಅಡುಗೆಮನೆ, ಬಚ್ಚಲು, ತನ್ನ ಕೋಣೆ, ಎಲ್ಲ ಕಿಟಕಿಗಳನ್ನೂ ಮುಚ್ಚಿದಳು. ಟವೆಲ್ ಒದ್ದೆ ಮಾಡಿ ಬಾಗಿಲ ಸಂದಿಗೆ ತುರುಕಿದಳು. ಒಣಹಾಕಿದ್ದ ಬಟ್ಟೆಗಳನ್ನು ಎಳೆದು ತಂದಳು. ಧೂಳು ಬಂದಾಗ ಮಾಡಬೇಕಾದ್ದನ್ನೆಲ್ಲ ಮಾಡಿದಳು, ಒಂದನ್ನು ಬಿಟ್ಟು. ಕೂಲರ್ ಆರಿಸಲು ಮರೆತಿದ್ದಳು.

ಚಾವಣಿಯ ಮೇಲಿನ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಮನೆಯೊಳಗೆ ಊದುತ್ತದೆ. ಧೂಳು ಬಂದಾಗ ಮೊದಲು ಅದರ ಸ್ವಿಚ್ಚಿಗೆ ಓಡಬೇಕೆಂದು ನಮ್ಮೂರಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತು. ಟೆಗನ್ ಮೇಜಿನ ಹತ್ತಿರ ಬರುವಷ್ಟರಲ್ಲಿ ಚಾವಣಿಯ ಜಾಲರಿಯಿಂದ ಕೆಂಪು ಹುಡಿ ಸುರಿಯುತ್ತಿತ್ತು. ಜಾಲರಿಯ ಸರಿಯಾಗಿ ಕೆಳಗೇ ಚಿತ್ರವಿತ್ತು.

ಅವಳು ಸ್ವಿಚ್ ಆರಿಸಿದಳು. ಗಾಬರಿಯಲ್ಲಿ ಅಂಗೈಯಿಂದ ಚಿತ್ರದ ಮುಖವನ್ನು ಉಜ್ಜಿದಳು. ಉಜ್ಜಿದಷ್ಟೂ ಧೂಳು ಅಂಟಿನೊಳಗೆ ಇಳಿದು ಕೆಸರಾಯಿತು. ಕೂರಿಸಿದ್ದ ಹರಳುಗಳೂ ಕಿತ್ತು ಕೈಗೆ ಬಂದವು.

ಧೂಳಿನ ಅಬ್ಬರ ಇಳಿದ ಮೇಲೆ ಅಜ್ಜಿ ಹಿಂಬಾಗಿಲಿನಿಂದ ಕೆಮ್ಮುತ್ತ ಬಂದಳು. ಕೈಯಲ್ಲಿ ಕುರಿಮಾಂಸದ ಸಾರಿನ ಪಾತ್ರೆ, ತಲೆಯ ಮೇಲೆ ಹೊದ್ದ ಬಟ್ಟೆ.

“ಅಯ್ಯೋ ಶನಿ ಧೂಳೇ, ನನ್ನ ಹಲ್ಲಿನ ಸೆಟ್ಟೊಳಗೂ ಹೊಕ್ಕಿದೆ! ಟೆಗ್, ಕೂಲರ್ ಆರಿಸಿದ್ದೆ ತಾನೆ?” ಎನ್ನುತ್ತಲೇ ಮೇಜು ನೋಡಿದಳು. ಪಾತ್ರೆ ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಕೈ ತೆಗಿ. ಉಜ್ಜಬೇಡ, ಉಜ್ಜಿದ್ರೆ ಅಂಟು ಸಾಯುತ್ತೆ. ಟೇಪ್ ಎಲ್ಲಿ? ಮಗೂಗೆ ಒರೆಸೋ ಒದ್ದೆ ಟಿಶ್ಯೂ ಇದ್ಯಾ?”

ಅಜ್ಜಿ ಟೇಪನ್ನು ಮೆಲ್ಲಗೆ ಒತ್ತಿ ಎತ್ತಿದಳು. ಟೇಪು ಕೆಂಪಾಗಿ ಬಂತು. ಆಮೇಲೆ ಒದ್ದೆ ಟಿಶ್ಯೂವಿನಲ್ಲಿ ಒಂದೇ ದಿಕ್ಕಿಗೆ ಒಂದು ಸಲ ಒರೆಸಿ, ಒಣಗಲು ಬಿಟ್ಟಳು. ಒಣಗಿದರೆ ಅಂಟು ಸ್ವಲ್ಪ ಮರಳಿ ಬರುತ್ತದಂತೆ.

ಆಗಲೇ ಕೋಣೆಯ ಬಾಗಿಲು ತೆರೆಯಿತು. ಅಮ್ಮ ಬಂದು ಮೇಜಿನ ಪಕ್ಕದಲ್ಲಿ ನಿಂತಳು. ಕಿತ್ತು ಬಿದ್ದ ಹಾಳೆಯನ್ನು ನೋಡಿದಳು, ಕೆಸರು ಮೆತ್ತಿದ ಚಿತ್ರದ ಮುಖವನ್ನು ನೋಡಿದಳು.

“ರೆನೇ, ಮಗು ಬೇಕಂತ ಮಾಡಿದ್ದಲ್ಲ,” ಎಂದಳು ಅಜ್ಜಿ ಸೊಸೆಗೆ.

ಅಮ್ಮ ತಿರುಗಿ ಒಳಗೆ ಹೋದಳು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಟೆಗನ್ ಅಲ್ಲೇ ನೆಲದ ಮೇಲೆ ಕೂತು, ಉಸಿರು ಸಿಕ್ಕದ ಹಾಗೆ ಅತ್ತಳು.

ಆಮೇಲಿನ ದಿನಗಳಲ್ಲಿ ಅಮ್ಮ ಮೇಜಿನ ಕಡೆ ಬರಲೇ ಇಲ್ಲ. ಅಪ್ಪ ಕೊಟ್ಟ ಟೋಸ್ಟು ತಟ್ಟೆಯಲ್ಲೇ ಒಣಗುತ್ತಿತ್ತು. ಟೆಗನ್ ದಿನವೂ ಸ್ಕೂಲಿನಿಂದ ಬಂದು ಟೇಪು ಒತ್ತಿದಳು, ಒರೆಸಿದಳು, ಒಣಗಲು ಕಾದಳು. ಸಮುದ್ರದ ಅಂಟು ಬೆರಳಿಗೆ ಸ್ವಲ್ಪ ಹಿಡಿಯಿತು. ಆಕಾಶದ್ದೂ ಹಿಡಿಯಿತು. ಮುಖದ್ದು ಹಿಡಿಯಲೇ ಇಲ್ಲ. ಅಲ್ಲಿ ಹರಳು ಇಟ್ಟರೆ ಜಾರಿ ಬೀಳುತ್ತಿತ್ತು.

ಅಮ್ಮ ಎದ್ದು ಬರುತ್ತಿದ್ದುದು ಅದೊಂದಕ್ಕೇ. ಅದನ್ನೇ ತಾನು ಹಾಳು ಮಾಡಿದೆ. ಇನ್ನು ಅಮ್ಮ ಯಾವತ್ತೂ ಏಳುವುದಿಲ್ಲ. ಟೆಗನ್ ಹಲ್ಲುಜ್ಜುವಾಗಲೂ, ಕ್ಲಾಸಿನಲ್ಲಿ ಲೆಕ್ಕ ಮಾಡುವಾಗಲೂ ಇದನ್ನೇ ಯೋಚಿಸುತ್ತಿದ್ದಳು. ಅಪ್ಪನಿಗೆ ಹೇಳಲು ಹೆದರಿಕೆ. ಅವನೂ ಹೌದು ಅಂದುಬಿಟ್ಟರೆ?

ಗುರುವಾರ ಸಂಜೆ ಅವಳು ಅಮ್ಮನ ಕೋಣೆಯೊಳಗೆ ಹೋದಳು. ಪರದೆ ಎಳೆದಿತ್ತು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

“ಅಮ್ಮಾ, ಸಾರಿ.”

“ಯಾಕೆ?”

“ನೀನು ಹೀಗೆ ಮಲಗಿರೋದು ನನ್ನಿಂದಾನೇ. ನಾನು ಹಾಳು ಮಾಡದೇ ಇದ್ದಿದ್ರೆ ನೀನು ಎದ್ದಿರ್ತಿದ್ದೆ.”

ಅಮ್ಮನಿಗೆ ಮತ್ತೆ ನಿದ್ದೆ ಬಂದಿರಬೇಕು ಎಂದು ಟೆಗನ್ ಹೊರಡಲು ತಿರುಗಿದಳು.

“ಅವತ್ತು ಧೂಳು ಬರೋಕೆ ಮುಂಚೇನೂ ನಾನು ಮಲಗೇ ಇದ್ನಲ್ಲ ಟೆಗ್.”

ಟೆಗನ್ ನಿಂತಳು. ಹೌದು. ಸ್ಕೂಲಿನಿಂದ ಬಂದಾಗಲೇ ಈ ಬಾಗಿಲು ಮುಚ್ಚಿತ್ತು. ಅದು ಅವಳ ತಲೆಗೆ ಹೊಳೆದೇ ಇರಲಿಲ್ಲ.

“ಆದ್ರೆ ಚಿತ್ರ ಮುಗಿದ್ರೆ ಕಾರ್ನಿವಲ್‌ಗೆ ಬರ್ತೀನಿ ಅಂದಿದ್ಯಲ್ಲ.”

ಅಮ್ಮ ಈ ಕಡೆ ಹೊರಳಿದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

“ಮುಗಿದಿದ್ರೂ ಬರೋಕೆ ಆಗ್ತಿರ್ಲಿಲ್ಲ ಕಣೇ. ಆಗಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ, ಅದಕ್ಕೆ ಹಾಗಂದೆ. ಅದು ನನ್ನ ತಪ್ಪು. ಆ ಮುಖ ಇದ್ಯಲ್ಲ, ಅದನ್ನ ನಾನು ಬೇಕಂತಲೇ ಬಿಟ್ಟಿದ್ದೆ. ಫೋಟೋದಲ್ಲಿರೋ ಅವಳ ನಗು ನೋಡಿದ್ರೆ ನನಗೆ ಅಳು ಬರುತ್ತೆ.”

“ನೀನು ಯಾವಾಗ ಹುಷಾರಾಗ್ತೀಯಾ?”

“ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ.”

“ಹಾಗಾದ್ರೆ ನಾನೇನು ಮಾಡ್ಲಿ?”

“ನೀನು ಏನು ಮಾಡಿದ್ರೂ ಇದು ಹೋಗಲ್ಲ ಟೆಗ್. ನೀನು ಏನೋ ಮಾಡಿದೆ ಅಂತ ಬಂದಿದ್ದೂ ಅಲ್ಲ.” ಅಮ್ಮ ಹೊದಿಕೆಯ ಒಂದು ಅಂಚನ್ನು ಎತ್ತಿದಳು. ಟೆಗನ್ ಶೂ ಬಿಚ್ಚಿ ಒಳಗೆ ನುಸುಳಿದಳು. ಅಮ್ಮನ ಕೈ ಅವಳ ಬೆನ್ನ ಮೇಲೆ ಭಾರವಾಗಿ ಬಿತ್ತು.

ಶುಕ್ರವಾರ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕೊಳದ ಸುತ್ತ ಸುಟ್ಟ ಸಾಸೇಜಿನ ವಾಸನೆ. ಹುಡುಗರೆಲ್ಲ ಮೂಗಿಗೆ ತಮ್ಮ ತಮ್ಮ ತಂಡದ ಬಣ್ಣದ ಸನ್‌ಕ್ರೀಮ್ ಬಳಿದುಕೊಂಡಿದ್ದರು. ಅಜ್ಜಿ ದೊಡ್ಡ ಟೋಪಿ ಹಾಕಿಕೊಂಡು ಮುಂದಿನ ಬೆಂಚಿನಲ್ಲೇ ಕೂತಿದ್ದಳು.

“ನಿಮ್ಮಮ್ಮ ಎಲ್ಲಿ?” ಎಂದ ಕೋಬಿ.

“ಬಂದಿಲ್ಲ. ಅಮ್ಮಂಗೆ ತುಂಬಾ ಹುಷಾರಿಲ್ಲ.”

ಕೋಬಿ ಏನೋ ತಮಾಷೆ ಮಾಡಲು ಬಾಯಿ ತೆರೆದವನು, ಅವಳ ಮುಖ ನೋಡಿ, “ನಾನು ಕೂಗ್ಲಾ ಬೇಕಾದ್ರೆ?” ಎಂದ. ಬೇಡ ಎಂದು ಟೆಗನ್ ತಲೆಯಾಡಿಸಿದಳು.

ಸೀಟಿ ಮೊಳಗಿತು. ಅವಳು ಗೋಡೆಯನ್ನು ಒದ್ದು ನೀರಿನ ಮೇಲೆ ಅಂಗಾತ ಜಾರಿದಳು. ಕಿವಿಗೆ ನೀರು ತುಂಬಿ ಕೂಗಾಟವೆಲ್ಲ ದೂರವಾಯಿತು. ಮೇಲೆ ಆಕಾಶ ಮಾತ್ರ ಇತ್ತು. ಅಮ್ಮ ಇವತ್ತು ಬರುವುದಿಲ್ಲ. ಮುಂದಿನ ವರ್ಷವೂ ಬರದೇ ಇರಬಹುದು.

ಆದರೆ ತಾನು ಗೆದ್ದರೆ ಅಮ್ಮ ಎದ್ದುಬಿಡುತ್ತಾಳೆ ಎಂದು ಅವಳಿಗೆ ಅನ್ನಿಸಲಿಲ್ಲ. ಸೋತರೆ ಏಳುವುದೇ ಇಲ್ಲ ಎಂದೂ ಅನ್ನಿಸಲಿಲ್ಲ. ಅವಳು ಒಂದು ಕೈ ಎತ್ತಿದಳು, ಇನ್ನೊಂದು ಕೈ ಎತ್ತಿದಳು, ಸುಮ್ಮನೆ ಈಜಿದಳು.