ಬ್ರೇಕ್ ಒತ್ತದ ಹದಿನೈದು ಸೆಕೆಂಡು

ಮಂಗಳವಾರ ಮಧ್ಯಾಹ್ನ 12.50ಕ್ಕೆ ಹೆದ್ದಾರಿ ಠಾಣೆಗೆ ಬಂದ ಹೆಂಗಸಿನ ಎರಡೂ ಕೈಗೆ ಗ್ರೀಸ್ ಮೆತ್ತಿತ್ತು. ಕೆಟ್ಟು ನಿಂತ ಗಾಡಿಗಳನ್ನು ರಸ್ತೆ ಬದಿಯಲ್ಲೇ ರಿಪೇರಿ ಮಾಡುವ ವ್ಯಾನ್ ಅವಳದು ಮತ್ತು ಅವಳ ಗಂಡನದು. 10.40ರ ಸುಮಾರಿಗೆ ಗಂಡ ಒಂದು ಕಾರಿನ ಚಕ್ರ ಬದಲಿಸಿ ಎದ್ದು ನಿಲ್ಲುವಾಗ, ಹಿಂದಿನಿಂದ ಬಂದ ಟ್ಯಾಂಕರೊಂದರ ಕನ್ನಡಿ ತಲೆಗೆ ಬಡಿಯಿತು. ಟ್ಯಾಂಕರ್ ನಿಲ್ಲಲಿಲ್ಲ. ಆಸ್ಪತ್ರೆ ತಲುಪುವ ಮೊದಲೇ ಅವನು ಸತ್ತಿದ್ದ.

ಎಫ್‌ಐಆರ್ ಬರೆಸುವಾಗ ಕೇಳದ ಪ್ರಶ್ನೆಗೂ ಅವಳು ಉತ್ತರ ಹೇಳಿದಳು. ಎಚ್ಚರಿಕೆಯ ಕೋನ್ ಇಟ್ಟವಳು ತಾನೇ. ವ್ಯಾನಿನಿಂದ ಹಿಂದಕ್ಕೆ ನೂರು ಹೆಜ್ಜೆ ಎಣಿಸಿ ಇಡುವುದು ಗಂಡ ಕಲಿಸಿದ ಕ್ರಮ.

"ನೂರು ಎಣಿಸಿದ್ದೆ ಸಾರ್. ಆದ್ರೆ ಆ ನೂರು ಅವರ ಹೆಜ್ಜೆ. ನಂದು ಚಿಕ್ಕದು. ಇಷ್ಟು ವರ್ಷದಲ್ಲಿ ಇವತ್ತು ಹೊಳೀತು."

1.40ಕ್ಕೆ ಸ್ಥಳ ಪಂಚನಾಮೆ. ವ್ಯಾನಿನಿಂದ ಕೋನಿಗೆ ಐವತ್ತೆಂಟು ಮೀಟರ್. ಗಂಡನ ಹೆಜ್ಜೆಯಲ್ಲಾದರೆ ಎಪ್ಪತ್ತೈದು ದಾಟುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಹಿಡಿದ.

"ಐವತ್ತೆಂಟು ಅಂತಲೇ ಬರೀಲಾ ಸಾರ್? ನಾಳೆ ಆ ಕಡೆ ವಕೀಲ ಇದಕ್ಕೇ ಜೋತುಬೀಳ್ತಾನೆ."

"ಟೇಪು ಹೇಳಿದ್ದನ್ನ ಬರಿ," ಎಂದ ಇನ್‌ಸ್ಪೆಕ್ಟರ್. ಆಮೇಲೆ ಟ್ಯಾಂಕರ್ ದಾಟಿ ಬಂದ ತಿರುವಿನಿಂದ ವ್ಯಾನಿನವರೆಗೂ ಅಳೆಸಿದ. ಮುನ್ನೂರು ಮೀಟರ್, ನೇರ ರಸ್ತೆ. ವ್ಯಾನಿನ ನೆತ್ತಿಯ ಹಳದಿ ದೀಪ ಇನ್ನೂ ಮಿಣುಕುತ್ತಲೇ ಇತ್ತು. ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ಟೋಲ್ ಗೇಟಿನ ಕ್ಯಾಮೆರಾದಲ್ಲಿ 10.53ಕ್ಕೆ ಒಂದು ಹಾಲಿನ ಟ್ಯಾಂಕರ್ ದಾಟಿತ್ತು. ಅದರ ಎಡಗಡೆಯ ಕನ್ನಡಿ ಇರಲಿಲ್ಲ.

ಸಾಗಣೆ ಕಂಪನಿಯ ಕಚೇರಿ ಗೋಡೆಯ ಮೇಲೆ ಡ್ರೈವರುಗಳ ಅಂಕಪಟ್ಟಿ ತೂಗುಹಾಕಿದ್ದರು. ಆ ಟ್ಯಾಂಕರಿನ ಡ್ರೈವರ್ ಮೊದಲ ಸ್ಥಾನದಲ್ಲಿದ್ದ. ನಲವತ್ತೊಂದು ದಿನದಲ್ಲಿ ಒಂದು ಸಲವೂ ಅವನು ಜೋರಾಗಿ ಬ್ರೇಕ್ ಒತ್ತಿಲ್ಲ ಎಂದು ಮ್ಯಾನೇಜರ್ ಮಗನ ರಿಸಲ್ಟ್ ಹೇಳುವಂತೆ ಹೇಳಿದ. ಗಾಡಿಯಲ್ಲಿನ ಯಂತ್ರ ಎಲ್ಲ ದಾಖಲಿಸುತ್ತದೆ. ತಿಂಗಳಿಗೆ ಮೂರು ಸಲ ಒತ್ತಿದರೆ ರೂಟ್ ಬೇರೆಯವರಿಗೆ. ನಿಂತ ಗಾಡಿಗಳ ಪಕ್ಕ ವೇಗ ಇಳಿಸದೆ ದಾಟಿದ್ದಕ್ಕೆ ಅವನಿಗೆ ಎರಡು ಸಲ ದಂಡ ಬಿದ್ದದ್ದನ್ನು ಇನ್‌ಸ್ಪೆಕ್ಟರ್ ನೆನಪಿಸಿದ.

"ದಂಡ ಕಂಪನಿ ಕಟ್ಟುತ್ತೆ ಸಾರ್. ಬ್ರೇಕಿನ ಅಂಕ ಮಾತ್ರ ಅವನದೇ."

ಯಂತ್ರದ ದಾಖಲೆ ತೆಗೆಸಿದರು. 10.38ರಿಂದ 10.42ರವರೆಗೆ ವೇಗ ಗಂಟೆಗೆ ಎಪ್ಪತ್ತು ಕಿಲೋಮೀಟರ್, ಸ್ಕೇಲ್ ಇಟ್ಟು ಎಳೆದ ಗೆರೆಯಂತೆ. ಇನ್‌ಸ್ಪೆಕ್ಟರ್ ಹಾಳೆಯ ಅಂಚಿನಲ್ಲಿ ಭಾಗಾಕಾರ ಮಾಡಿದ. ಸಾಹೇಬರು ಲೆಕ್ಕಕ್ಕೆ ಕೂತರೆ ಕಳ್ಳನಿಗೂ ಆಕಳಿಕೆ ಬರುತ್ತದೆ ಎಂದು ಸದಾ ಗೊಣಗುವ ಹೆಡ್ ಕಾನ್‌ಸ್ಟೇಬಲ್ ಈ ಸಲ ಬಗ್ಗಿ ಉತ್ತರ ನೋಡಿದ. ಮುನ್ನೂರು ಮೀಟರಿಗೆ ಹದಿನೈದು ಸೆಕೆಂಡು.

ಕಚೇರಿಗೇ ಕರೆಸಿದ ಡ್ರೈವರ್ ಐವತ್ತರ ಆಸುಪಾಸಿನವನು. ಇಸ್ತ್ರಿ ಮಾಡಿದ ಅಂಗಿ.

"ದೀಪ ಕಾಣಿಸ್ತಾ?"

"ತಿರುವು ದಾಟಿದ ಕೂಡ್ಲೇ. ಇಬ್ಬರು ಇರೋದೂ ಕಾಣಿಸ್ತು."

"ಪಕ್ಕದ ಲೇನಿಗೆ ಯಾಕೆ ಹೋಗ್ಲಿಲ್ಲ?"

"ಬಸ್ಸಿತ್ತು."

"ನಿಧಾನ ಮಾಡಬಹುದಿತ್ತಲ್ಲ?"

ಅರ್ಧ ತುಂಬಿದ ಟ್ಯಾಂಕರಿನಲ್ಲಿ ಬ್ರೇಕ್ ಮುಟ್ಟಿದರೆ ಹಾಲೆಲ್ಲ ಮುಂದಕ್ಕೆ ನುಗ್ಗುತ್ತದೆ, ಮೆಲ್ಲಗೆ ಒತ್ತಿದರೂ ಯಂತ್ರ ಜೋರು ಅಂತಲೇ ಬರೆದುಕೊಳ್ಳುತ್ತದೆ ಎಂದು ಅವನು ವಿವರಿಸಿದ. ಅದು ನಿಜವೆಂದು ಇನ್‌ಸ್ಪೆಕ್ಟರಿಗೂ ಗೊತ್ತಿತ್ತು. ಆದರೆ ಆಕ್ಸಿಲರೇಟರಿನಿಂದ ಕಾಲೆತ್ತಲು ಹದಿನೈದು ಸೆಕೆಂಡು ಧಾರಾಳ.

"ತಡ ಆದ್ರೂ ಅಂಕ ಹೋಗುತ್ತೆ ಸಾರ್. ಎಷ್ಟೋ ಸಲ ಹೀಗೇ ದಾಟಿದ್ದೀನಿ. ಯಾರಿಗೂ ತಗುಲಿರ್ಲಿಲ್ಲ."

"ತಗುಲಿದ್ದು ಗೊತ್ತಾಯ್ತಾ?"

"ಆಯ್ತು."

"ಮತ್ತೆ ನಿಲ್ಲಿಸಲಿಲ್ಲ ಯಾಕೆ?"

ಡ್ರೈವರ್ ತನ್ನ ಅಂಗೈ ನೋಡಿಕೊಂಡ. "ನಿಲ್ಲಿಸೋಕೆ ಜೋರಾಗಿ ಒತ್ತಬೇಕಿತ್ತು ಸಾರ್."

6.10ಕ್ಕೆ ದಸ್ತಗಿರಿ. ಮ್ಯಾನೇಜರ್ ಆಗಲೇ ನಾಳೆಯ ರೂಟಿಗೆ ಯಾರನ್ನು ಹಾಕುವುದೆಂದು ಫೋನಿನಲ್ಲಿ ಕೇಳುತ್ತಿದ್ದ.

ಹೇಳಿಕೆಗೆ ಸಹಿ ಹಾಕಲು ಅವಳು ಮತ್ತೆ ಠಾಣೆಗೆ ಬಂದಳು. ಕೈ ತೊಳೆದಿದ್ದಳು. ಕೋನನ್ನು ಇನ್ನು ಹದಿನೇಳು ಮೀಟರ್ ಹಿಂದಿಟ್ಟಿದ್ದರೆ ಅವನು ನಿಧಾನ ಮಾಡುತ್ತಿದ್ದನೇ ಎಂದು ಕೇಳಿದಳು.

"ಇಲ್ಲಮ್ಮ," ಎಂದ ಇನ್‌ಸ್ಪೆಕ್ಟರ್. "ಕೋನಿಗಿಂತ ಮುಂಚೇನೇ ಅವನು ನಿಮ್ಮಿಬ್ಬರನ್ನೂ ನೋಡಿದ್ದ."

"ನೋಡಿದ್ನಾ?"

ಇನ್‌ಸ್ಪೆಕ್ಟರ್ ಹೌದೆಂದು ತಲೆಯಾಡಿಸಿದ. ಅವಳು ಇನ್ನೊಮ್ಮೆ ಅದನ್ನೇ ಕೇಳಿದಳು. ಕೋನಿನ ಮಾತು ಮತ್ತೆ ಎತ್ತಲಿಲ್ಲ.