ಬಾಳೆಹಣ್ಣಿನೊಳಗಿನ ಮಾತ್ರೆ

"ಒಂದೇ ಒಂದು ಮಾತ್ರೆ ಮುಟ್ಟಿಲ್ಲ ಡಾಕ್ಟ್ರೇ! ನನ್ನ ಹೃದಯ ಕಲ್ಲುಗುಂಡಿನ ಹಾಗಿದೆ. ಇವಳು ಕೊಟ್ಟಿದ್ದನ್ನೆಲ್ಲ ಕಿಟಕಿಯಾಚೆ ಎಸೆದಿದ್ದೀನಿ. ಬೇಕಾದ್ರೆ ಕೇಳಿ!"

ಆಪರೇಷನ್ ಕೋಣೆಯ ಬಾಗಿಲಲ್ಲಿ, ಗಾಲಿಮಂಚದ ಮೇಲೆ ಮಲಗಿಕೊಂಡೇ ಅತ್ತೆ ಗದರಿದರು. ಬಚ್ಚಲಲ್ಲಿ ಜಾರಿ ಮುರಿದದ್ದು ಸೊಂಟದ ಮೂಳೆಯೇ ಹೊರತು ನಾಲಿಗೆಯಲ್ಲವಲ್ಲ! ಅರಿವಳಿಕೆ ಡಾಕ್ಟರು ಸೊಸೆಯತ್ತ ತಿರುಗಿದರು. "ಹೌದೇನಮ್ಮಾ?"

ಸೊಸೆ ಗಂಡನತ್ತ ಕಣ್ಣು ಹೊರಳಿಸಿದಳು. ಅತ್ತೆ ಮಾತ್ರೆ ಎಸೆಯತೊಡಗಿದ ಮೇಲೆ, ಆಕೆ ಬಿಪಿ ಮಾತ್ರೆಯನ್ನು ಮನೆಯಲ್ಲಿ ಹೊಲಿಗೆ ಯಂತ್ರದ ಮರೆಯಲ್ಲಿ ಪುಡಿ ಮಾಡಿ, ಬಾಳೆಹಣ್ಣಿನಲ್ಲಿ ಕಿವುಚಿ ತಿನ್ನಿಸುತ್ತಿದ್ದಳು. ನಿನ್ನೆ ಸಂಜೆಯೂ ತಿನ್ನಿಸಿದ್ದಳು, ಇದೇ ಆಸ್ಪತ್ರೆಯಲ್ಲಿ! ಗಂಡ ಪಕ್ಕದಲ್ಲೇ ನಿಂತಿದ್ದಾನೆ. ಈಗ ಬಾಯಿಬಿಟ್ಟರೆ 'ಅತ್ತೆಗೆ ಮದ್ದು ಹಾಕಿದವಳು' ಎಂಬ ಹೆಸರು ಜನ್ಮಕ್ಕೆ ಅಂಟುತ್ತದೆ...

ಆಕೆ ಹೌದೆಂದು ತಲೆಯಾಡಿಸಿಬಿಟ್ಟಳು. ಬಾಗಿಲು ಮುಚ್ಚಿತು.

ತುಸು ಹೊತ್ತಿಗೇ ನರ್ಸ್ ಓಡಿಬಂದಳು. "ಅರಿವಳಿಕೆ ಕೊಟ್ಟಿದ್ದೇ ಬಿಪಿ ಪಾತಾಳಕ್ಕಿಳಿದಿದೆ! ಏರಿಸೋ ಔಷಧಿ ಕೊಟ್ರೂ ಏಳ್ತಿಲ್ಲ. ನಿಜ ಹೇಳಿ, ಏನಾದ್ರೂ ತಗೊಂಡಿದ್ರಾ?"

"ನಾನೇ ಸಿಸ್ಟರ್... ನಾನೇ ಕೊಟ್ಟೆ! ಬಾಳೆಹಣ್ಣಲ್ಲಿ ಸೇರಿಸಿ..." ಸೊಸೆ ಚೀಲ ತಡಕಿ ಮಾತ್ರೆಯ ಪಟ್ಟಿ ಚಾಚಿದಳು.

"ಅಯ್ಯೋ, ಈ ಮಾತ್ರೆ ಮೈಯಲ್ಲಿರುವಾಗ ಅರಿವಳಿಕೆ ಕೊಟ್ರೆ ಬಿಪಿ ಹೀಗೇ ಕುಸಿಯೋದು! ಮೊದಲೇ ಹೇಳಿದ್ರೆ ನಿನ್ನೆಯೇ ನಿಲ್ಲಿಸ್ತಿದ್ವಿ, ಇದಕ್ಕೆ ತಕ್ಕ ಔಷಧಿ ತಯಾರಿಟ್ಕೋತಿದ್ವಿ!" ನರ್ಸ್ ಒಳಗೆ ಓಡಿದಳು.

ಪಕ್ಕದ ಕುರ್ಚಿಯಲ್ಲಿದ್ದ ಗಂಡ ಎದ್ದು, ಒಂದು ಕುರ್ಚಿ ಬಿಟ್ಟು ಆಚೆ ಕೂತ. ಆ ಖಾಲಿ ಕುರ್ಚಿ ಅವಳನ್ನು ಸುಟ್ಟಿತು. 'ದೇವರೇ, ಅವರನ್ನು ಉಳಿಸು... ಮನೆ ತುಂಬ ಬೈದುಕೊಂಡಿರಲಿ, ಬದುಕಿರಲಿ!'

ಬೇರೆ ಔಷಧಿ ಹಿಡಿದು ಬಿಪಿ ಏರಿತು. ಸಂಜೆ ಅತ್ತೆ ಕಣ್ಣುಬಿಟ್ಟಾಗ ಸೊಸೆ ಮಂಚದ ಅಂಚಿಗೆ ಕುಸಿದಳು. "ಮೋಸ ಮಾಡ್ದೆ ಅತ್ತೆ... ಬಾಳೆಹಣ್ಣಲ್ಲಿ..."

"ಬಾಳೆಹಣ್ಣು ಎಲ್ಲಾದ್ರೂ ಕಹಿಯಿರುತ್ತೇನೇ? ಮೊದಲನೇ ದಿನವೇ ಗೊತ್ತಾಯ್ತು."

"ಮತ್ತೆ... ಡಾಕ್ಟ್ರ ಹತ್ರ ಯಾಕೆ...?"

ಅತ್ತೆ ಗೋಡೆಯತ್ತ ಮುಖ ತಿರುಗಿಸಿದರು. "ಹೇಳಿದ್ರೆ ನಿನಗೆ ಸೋತ ಹಾಗಲ್ವೇ? ನನ್ನ ಜಂಭ ನನ್ನ ಕುತ್ತಿಗೆಗೇ ಬಂತು... ನಿನ್ನನ್ನೂ ಕೊಲೆಗಾರ್ತಿ ಮಾಡಿಬಿಡ್ತಿತ್ತು ಕಣೇ!"

ಬಾಗಿಲಲ್ಲಿ ನಿಂತಿದ್ದ ಗಂಡ ತಲೆ ತಗ್ಗಿಸಿದ. ಅತ್ತೆ ಸೂಜಿ ಚುಚ್ಚಿದ ಕೈಯನ್ನೇ ಮೆಲ್ಲಗೆ ಚಾಚಿ ಅಂಗೈ ಬಿಚ್ಚಿದರು. "ಡಾಕ್ಟ್ರು ಮತ್ತೆ ಶುರುಮಾಡು ಅಂದಾಗ ಇಲ್ಲಿಗೇ ಹಾಕು. ಬೈಕೊಂಡೇ ನುಂಗ್ತೀನಿ."

ಸೊಸೆ ಆ ಅಂಗೈಗೆ ಹಣೆಯೊತ್ತಿದಳು. ಆಪರೇಷನ್ ಕೋಣೆಯ ಬಾಗಿಲಲ್ಲಿ ಸುಳ್ಳಿಗೆ ಆಡಿದ ಅವಳ ತಲೆ ಬಹಳ ಹೊತ್ತು ಮೇಲೇಳಲಿಲ್ಲ.